ಚಂದ್ರಿಕೆ ಎಂಬ ಉಪನ್ಯಾಸ

ನಮ್ಮ ವಿಜ್ಞಾನ ಸಂಸ್ಥೆಯ ಕಾರ್ಯಕ್ರಮ ವಿಭಾಗಕ್ಕೆ ಹೊಸದಾಗಿ ಬರುವವರಿಗಾಗಿ, ಈ ಕೆಲಸ ನಿಜವಾಗಿ ಹೇಗಿರುತ್ತದೆಂದು ನಾಲ್ಕು ಪುಟ ಬರೆದುಕೊಡಿ ಎಂದು ಅಶ್ವಿನಿ ಫೋನಿನಲ್ಲಿ ಕೇಳಿದಳು. ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದವಳು ಅವಳು. ಒಪ್ಪಿಕೊಂಡೆ. ಬರೆಯಲು ಕೂತಾಗ ಗೊತ್ತಾಯಿತು, ನನ್ನ ನೆನಪಿನಲ್ಲಿರುವುದರಲ್ಲಿ ಅರ್ಧ ನಡೆದದ್ದು, ಉಳಿದರ್ಧ ನಾನು ಹೇಳಿ ಹೇಳಿ ನಡೆಸಿದ್ದು. "ನೀವು ಹೇಳೋ ಕಥೇಲಿ ಪ್ರತಿ ಸಲ ಮಳೆ ಜಾಸ್ತಿ ಆಗ್ತಾ ಹೋಗುತ್ತೆ" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಆದ್ದರಿಂದ ಇಲ್ಲಿರುವುದನ್ನೆಲ್ಲ ಸ್ವಲ್ಪ ಅನುಮಾನದಿಂದಲೇ ಓದಿ. ಕಾಗದದ ಆಧಾರ ಇರುವುದು ಒಂದೇ ಒಂದು ಸಂಗತಿಗೆ. ಅದನ್ನು ಹೇಳಬೇಕೆಂದೇ ಉಳಿದದ್ದನ್ನು ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಸಂಶೋಧನೆಗೆ ಅವಕಾಶ ಸಿಗದೆ, ಸಂಶೋಧಕರು ಓಡಾಡುವ ಕಡೆಯಾದರೂ ಇರೋಣವೆಂದು ಈ ಸಂಸ್ಥೆಗೆ ಸೇರಿದವನು ನಾನು. ಬಡ್ತಿಗಳ ಮಾತು ಬೇಡ. ಮೇಜು ದೊಡ್ಡದಾಯಿತು, ಕೆಲಸ ಅದೇ ಉಳಿಯಿತು. ತಿಂಗಳಿಗೊಂದು ಹಾಳೆ ಸಿದ್ಧ ಮಾಡಬೇಕು. ಮೇಲೆ ‘ಮುಂದಿನ ಕಾರ್ಯಕ್ರಮಗಳು’ ಎಂಬ ತಲೆಬರಹ, ಅದರ ಕೆಳಗೆ ವಿಜ್ಞಾನ ಉಪನ್ಯಾಸಗಳು, ಆಮೇಲೆ ಸಂಗೀತ, ನಾಟಕ, ಹರಿಕಥೆ. ಕೊನೆಯಲ್ಲಿ ಯಾವಾಗಲೂ ಒಂದೇ ಸಾಲು: ‘ವಿದ್ಯಾರ್ಥಿಗಳು, ರೈತರು, ಸಾರ್ವಜನಿಕರು ಎಲ್ಲರಿಗೂ ಸ್ವಾಗತ. ಪ್ರಶ್ನೆಗಳಿಗೆ ಅವಕಾಶವಿದೆ.’ ಆ ಸಾಲನ್ನು ನನಗಿಂತ ಹಿಂದಿನವರು ಬರೆದಿದ್ದರು. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಅದನ್ನು ನಕಲು ಮಾಡಿದೆ. ಅದರಲ್ಲಿ ಒಂದು ಮಾತು ಕೊಟ್ಟಂತಾಗುತ್ತದೆಂದು ಒಮ್ಮೆಯೂ ಹೊಳೆಯಲಿಲ್ಲ.

ಮೊದಮೊದಲು ಸ್ಟೆನ್ಸಿಲ್ ಕತ್ತರಿಸಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ತಿರುಗಿಸುತ್ತಿದ್ದೆವು. ಮೈದಾ ಗೋಂದಿನ ಡಬ್ಬ ಹಿಡಿದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಬಸ್ ನಿಲ್ದಾಣಗಳಿಗೆ ನಾನೇ ಹೋಗಿ ಹಾಳೆ ಅಂಟಿಸುತ್ತಿದ್ದೆ. ಆಮೇಲೆ ಕಂಪ್ಯೂಟರ್ ಬಂತು, ಬಣ್ಣ ಬಂತು. ಈಗ ಅಶ್ವಿನಿ ಒಂದು ಬೆರಳಿನಲ್ಲಿ ಎಲ್ಲರ ವಾಟ್ಸ್ಆ್ಯಪ್‌ಗೆ ಕಳಿಸುತ್ತಾಳೆ. ಯಾರು ನೋಡಿದರೆಂದು ನೀಲಿ ಗುರುತು ಹೇಳುತ್ತದೆ. ನೋಡುವುದಕ್ಕೂ ಓದುವುದಕ್ಕೂ ನಡುವೆ ಎಷ್ಟು ದೂರ ಎಂಬುದನ್ನು ಅದು ಹೇಳುವುದಿಲ್ಲ.

ನನ್ನ ಕಾಲದ ನಿರ್ದೇಶಕರೊಬ್ಬರಿಗೆ ಖಾಲಿ ಕುರ್ಚಿ ಕಂಡರೆ ಆಗುತ್ತಿರಲಿಲ್ಲ. "ಹಾಲ್ ತುಂಬಿರ್ಬೇಕು ಕಣ್ರೀ. ವಿಜ್ಞಾನ ಆಮೇಲೆ ನೋಡ್ಕೊಳ್ಳೋಣ" ಎನ್ನುತ್ತಿದ್ದರು. ಅದಕ್ಕೆ ನಾನು ಒಂದು ಉಪಾಯ ಕಂಡುಹಿಡಿದಿದ್ದೆ. ಕೊಳಲು ವಾದನವನ್ನು ದಪ್ಪ ಅಕ್ಷರದಲ್ಲಿ ಹಾಕಿ, ಉಪನ್ಯಾಸವನ್ನು ಅದಕ್ಕೆ ಮುಂಚಿನ ಹೊತ್ತಿಗೆ ಸಣ್ಣ ಅಕ್ಷರದಲ್ಲಿ ಇಡುವುದು. ಕೊಳಲು ಕೇಳಲು ಬಂದವರು ಒಂದು ಗಂಟೆ ನಕ್ಷತ್ರಗಳ ಮುಂದೆ ಕೂತಿರುತ್ತಿದ್ದರು. ಒಮ್ಮೆ ಮಂಚೇನಹಳ್ಳಿಯಿಂದ ಒಂದು ಬಸ್ಸಿನ ತುಂಬ ವಿದ್ಯಾರ್ಥಿಗಳನ್ನು ನಾಟಕವಿದೆ ಎಂದು ಕರೆಸಿದೆ. ನಾಟಕದವರು ಬರಲಿಲ್ಲ. ಮಕ್ಕಳಿಗೆ ಎರಡು ಉಪನ್ಯಾಸ ಸಿಕ್ಕಿತು. ಹೋಗುವಾಗ ಒಬ್ಬಳು ಹುಡುಗಿ "ಸರ್, ಇದ್ರಲ್ಲಿ ನಾಟಕ ಯಾವುದು?" ಎಂದು ಕೇಳಿದಳು. ನಿರ್ದೇಶಕರು ನಕ್ಕರು, ನಾನೂ ನಕ್ಕೆ.

ನನ್ನ ದೊಡ್ಡ ಜಂಬ ಬೇರೆಯದು. ಉಪನ್ಯಾಸಗಳ ಇಂಗ್ಲಿಷ್ ಶೀರ್ಷಿಕೆಗಳನ್ನು ಕನ್ನಡಕ್ಕೆ ತರುವಾಗ ಒಂದೇ ಪದದಲ್ಲಿ ತರಬೇಕೆಂಬ ಹಟ. ಭೂಕಂಪದ ಉಪನ್ಯಾಸಕ್ಕೆ ‘ನಡುಕ’ ಎಂದು ಹೆಸರಿಟ್ಟೆ. ಅಂಬಾಜಿದುರ್ಗದ ಕೆಳಗಿನ ಹಳ್ಳಿಯಿಂದ ನಿವೃತ್ತ ಮೇಷ್ಟರೊಬ್ಬರು ಆಸ್ಪತ್ರೆಯ ಫೈಲು ಹಿಡಿದು ಬಂದರು. ಅವರ ಬಲಗೈ ನಡುಗುತ್ತಿತ್ತು. ವಿಷಯ ತಿಳಿದ ಮೇಲೂ ಎದ್ದು ಹೋಗದೆ ಕೊನೆಯವರೆಗೂ ಕೇಳಿ, "ಪರವಾಗಿಲ್ಲಪ್ಪ, ಭೂಮಿಗೂ ಇದೇ ಕಾಯಿಲೆ ಅಂತ ಗೊತ್ತಾಯ್ತು" ಎಂದು ಹೇಳಿ ಹೋದರು. ಅಲ್ಲಿಗೇ ನನಗೆ ಬುದ್ಧಿ ಬರಬೇಕಿತ್ತು. ಮೇಷ್ಟರು ನಗಿಸಿದ್ದರಿಂದ ಬರಲಿಲ್ಲ.

ಆಮೇಲೆ ‘ಚಂದ್ರಿಕೆ’ ಬಂತು. ಹೊರರಾಜ್ಯದ ವಿಜ್ಞಾನಿಯೊಬ್ಬರು ಚಂದ್ರನ ಬೆಳಕನ್ನು ಅಳೆದು ಏನೇನು ತಿಳಿಯಬಹುದೆಂದು ಹೇಳುವವರಿದ್ದರು. ಬೆಳದಿಂಗಳು ಎಂದಿದ್ದರೆ ಸಾಕಿತ್ತು. ನಾನು ‘ಚಂದ್ರಿಕೆ: ವಿಶೇಷ ಉಪನ್ಯಾಸ’ ಎಂದು ಬರೆದೆ. ರೇಷ್ಮೆ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಇಲ್ಲಿ ಚಂದ್ರಿಕೆ ಎನ್ನುತ್ತಾರೆಂದು ಸಣ್ಣ ಮಗುವಿಗೂ ಗೊತ್ತು. ಆ ತಟ್ಟಿಗಳನ್ನು ಬಿಸಿಲಿಗೆ ಒರಗಿಸಿಟ್ಟಿದ್ದ ಬೀದಿಯಲ್ಲೇ ನಡೆದು ಹೋಗಿ ಶಿಡ್ಲಘಟ್ಟದ ನಿಲ್ದಾಣದಲ್ಲಿ ಹಾಳೆ ಅಂಟಿಸಿದೆ. ನನ್ನ ತಲೆಯಲ್ಲಿದ್ದದ್ದು ನಿಘಂಟಿನ ಚಂದ್ರಿಕೆ.

ಅಂದು ಏನು ನಡೆಯಿತೆಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಕಥೆ ಹೀಗಿದೆ. ಸಾದಲಿ ಕಡೆಯ ಹೆಂಗಸೊಬ್ಬಳು ಚಂದ್ರಿಕೆಯನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಬಂದಳು. ಉಪನ್ಯಾಸವೆಲ್ಲ ಮುಗಿದ ಮೇಲೆ ಎದ್ದು ನಿಂತು, "ಸ್ವಾಮಿ, ಚಂದ್ರನ ಮೇಲೆ ಹುಳ ಹೆಂಗೆ ಸಾಕ್ತಾರೆ?" ಎಂದು ಕೇಳಿದಳು. ವಿಜ್ಞಾನಿ ಗಂಭೀರವಾಗಿ, ಅಲ್ಲಿ ಗಾಳಿಯಿಲ್ಲ, ನೀರಿಲ್ಲ, ಹುಳು ಬದುಕುವುದಿಲ್ಲ ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು.

ಈ ಕಥೆಯನ್ನು ಎಷ್ಟು ಬೀಳ್ಕೊಡುಗೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಬೀಳ್ಕೊಡುಗೆಯಲ್ಲೂ ಹೇಳಿದೆ.

ಈ ವರ್ಷ ಸಂಸ್ಥೆಯ ವಾರ್ಷಿಕ ಸಾಂಸ್ಕೃತಿಕ ಸಂಜೆಗೆ ನಾನೇ ಮುಖ್ಯ ಅತಿಥಿ ಎಂದು ಅಶ್ವಿನಿ ತಿಳಿಸಿದಳು. ಮುಂದಿನ ಕಾರ್ಯಕ್ರಮಗಳ ಹಾಳೆಯ ಕರಡನ್ನು ಫೋನಿಗೆ ಕಳಿಸಿದಳು. ಎರಡು ಉಪನ್ಯಾಸ, ಒಂದು ವೀಣಾವಾದನ, ಕೊನೆಯಲ್ಲಿ ‘ಸಿಬ್ಬಂದಿಯಿಂದ ನಗೆನಾಟಕ: ಚಂದ್ರನ ಮೇಲೆ ಹುಳ’.

"ನಿಮ್ಗೆ ಸರ್‌ಪ್ರೈಸ್ ಕೊಡೋಣ ಅಂತಿದ್ವಿ ಸರ್. ತಡ್ಕೊಳ್ಳಕ್ಕಾಗ್ಲಿಲ್ಲ" ಎಂದಳು. "ನಮ್ಮ ಲ್ಯಾಬಿನ ಸತೀಶ ಸೀರೆ ಉಟ್ಕೊಂಡು, ತಲೆ ಮೇಲೆ ಚಂದ್ರಿಕೆ ಹೊತ್ಕೊಂಡು ಬರ್ತಾನೆ. ರಿಹರ್ಸಲ್ನಲ್ಲೇ ನಕ್ಕೂ ನಕ್ಕೂ ಸಾಕಾಯ್ತು."

ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಒಂದು ಸಣ್ಣ ವಿಷಯ ಮಾತ್ರ ಕೊರೆಯತೊಡಗಿತು. ಆ ಹೆಂಗಸು ನಿಜವಾಗಿ ಚಂದ್ರಿಕೆ ತಂದಿದ್ದಳೇ? ಅದು ಬಾಗಿಲಿನಷ್ಟು ದೊಡ್ಡದು. ಸಭಾಂಗಣದೊಳಗೆ ಎಲ್ಲಿ ಇಟ್ಟಿದ್ದಳು? ಎಷ್ಟು ಯೋಚಿಸಿದರೂ ನನ್ನ ಕಣ್ಣಿಗೆ ಅದು ನಿಂತ ಜಾಗ ಬರಲಿಲ್ಲ. ಹಳೆಯ ಅಭಿಪ್ರಾಯ ಪುಸ್ತಕಗಳು ಕಪಾಟಿನಲ್ಲಿ ಇದ್ದರೆ ಆ ಕಾಲದ ಪುಟಗಳ ಫೋಟೋ ಕಳಿಸು ಎಂದು ಅಶ್ವಿನಿಗೆ ಹೇಳಿದೆ. ಸಭಾಂಗಣದ ಬಾಗಿಲ ಬಳಿ ಒಂದು ದಪ್ಪ ಪುಸ್ತಕ ಇಡುತ್ತಿದ್ದೆವು. ಬಂದವರು ಬರೆದು ಹೋಗುತ್ತಿದ್ದರು. ಬಹುಪಾಲು ‘ತುಂಬಾ ಚೆನ್ನಾಗಿತ್ತು’, ‘ಫ್ಯಾನ್ ಹಾಕಿಸಿ’ ಎನ್ನುವಂಥವು. ಪ್ರತಿ ಬರಹದ ಕೆಳಗೆ ‘ಓದಿದೆ’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ.

ಎರಡು ದಿನದ ಮೇಲೆ ಫೋಟೋಗಳು ಬಂದವು. ಚಂದ್ರಿಕೆ ಉಪನ್ಯಾಸದ ದಿನದ ಪುಟದಲ್ಲಿ, ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು:

‘ನಮ್ಮ ಹುಳ ನಾಲ್ಕು ಜ್ವರ ಎದ್ದು ಚೆನ್ನಾಗಿ ಸೊಪ್ಪು ತಿಂದು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಕಟ್ಟುವುದಿಲ್ಲ. ಬರೀ ತಲೆ ಆಡಿಸುತ್ತವೆ. ಎರಡು ಬೆಳೆ ಹೀಗಾಯಿತು. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿ ಕಾರಣವೋ ಅಲ್ಲವೋ ತಿಳಿಸಬೇಕು. ಈ ವಿಷಯ ಮುಂದಿನ ತಿಂಗಳು ಇಡುತ್ತೇವೆ ಎಂದು ಮೈಕಿನಲ್ಲಿ ಹೇಳಿದ್ದಾರೆ. ನಾರಾಯಣಮ್ಮ.’ ಕೆಳಗೆ ಊರಿನ ಹೆಸರು. ಅದರ ಕೆಳಗೆ: ‘ಓದಿದೆ’. ನನ್ನ ಸಹಿ.

ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿಸುವುದೆಂದರೆ ಮನೆಮಂದಿಯೆಲ್ಲ ಹಗಲಿರುಳು ದುಡಿದಿರುತ್ತಾರೆ. ಅಷ್ಟಾದ ಮೇಲೆ ಕೈಕೊಟ್ಟ ಬೆಳೆಯ ಬಗ್ಗೆ ಆಕೆ ಕೇಳಿದ್ದಳು. ಚಂದ್ರನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ತಿಂಗಳ ಪುಟದ ಫೋಟೋ ತೆರೆದೆ. ‘ನಾವು ಬಂದಿದ್ದೇವೆ. ಹುಳುವಿನ ವಿಷಯ ಇರಲಿಲ್ಲ. ನಾರಾಯಣಮ್ಮ.’ ಓದಿದೆ, ನನ್ನ ಸಹಿ. ಅದರ ಮುಂದಿನ ತಿಂಗಳು: ‘ಇವತ್ತೂ ಇರಲಿಲ್ಲ.’ ಓದಿದೆ, ನನ್ನ ಸಹಿ. ಆಮೇಲೆ ಆ ಅಕ್ಷರ ಎಲ್ಲೂ ಕಾಣಲಿಲ್ಲ.

ಆ ಮೂರು ಸಹಿಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ನನ್ನವೇ. ಮೈಕಿನಲ್ಲಿ ಹಾಗೆ ಹೇಳಿದ ನೆನಪು ಮಾತ್ರ ನನಗೆ ಒಂದಿಷ್ಟೂ ಇಲ್ಲ, ಈಗಲೂ ಇಲ್ಲ. ಆಕೆ ಸುಳ್ಳು ಬರೆದಿರಬಹುದೆಂದು ಒಂದು ಕ್ಷಣ ಯೋಚಿಸಿದೆ. ಹಾಗೆ ಯೋಚಿಸಿದ್ದನ್ನೂ ಇಲ್ಲಿ ಬರೆದಿಡುತ್ತೇನೆ.

ಅಶ್ವಿನಿಗೆ ಫೋನ್ ಮಾಡಿ, ಆ ನಾಟಕ ಬೇಡ ಎಂದೆ.

"ಅಯ್ಯೋ ಸರ್, ಸೀರೆ ಬ್ಲೌಸ್ ಎಲ್ಲಾ ಹೊಲಿಸಿದೀವಿ. ಈ ಕಥೆ ನೀವೇ ಅಲ್ವಾ ಹೇಳಿದ್ದು?"

"ನಾನೇ ಕಣಮ್ಮ."

"ಮತ್ತೆ? ಎಲ್ಲರಿಗೂ ಏನಂತ ಹೇಳ್ಲಿ?"

"ಸುಳ್ಳು ಕಥೆ ಅಂತ ಹೇಳು. ನಾನು ಹೇಳಿದ್ದು ಸುಳ್ಳು ಅಂತ."

ಪುಸ್ತಕದಲ್ಲಿದ್ದ ಆ ಮೂರು ಬರಹಗಳನ್ನೂ ಓದಿ ಹೇಳಿದೆ. ಅವಳು, "ಆ ಫೋಟೋ ತೆಗೆದವಳು ನಾನೇ ಸರ್. ಆದ್ರೆ ನಾನೂ ಓದ್ಲಿಲ್ಲ ನೋಡಿ" ಎಂದಳು. ನಾಟಕವನ್ನು ಕೈಬಿಟ್ಟಳು. ಮುಖ್ಯ ಅತಿಥಿಯಾಗಿ ನಾನೂ ಬರುವುದಿಲ್ಲ ಎಂದೆ. ಅದಕ್ಕೆ ಅವಳು ಒತ್ತಾಯ ಮಾಡಲಿಲ್ಲ.

ಮರುದಿನ ಶಿಡ್ಲಘಟ್ಟಕ್ಕೆ ಹೋಗಿ, ಅಲ್ಲಿಂದ ಸಾದಲಿ ಕಡೆಯ ಬಸ್ಸು ಹಿಡಿದೆ. ಊರಿನಲ್ಲಿ ಇಳಿದು ಕೇಳಿದರೆ ಮನೆ ತೋರಿಸಿದರು. ಆಕೆ ಬದುಕಿರಲಾರಳೆಂದು ಒಳಗೊಳಗೇ ಎಣಿಸಿದ್ದೆ. ಬಹುಶಃ ಹಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು ಜಗಲಿಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ಒಳಗಿನಿಂದ ಯಾರೋ ತೆಲುಗಿನಲ್ಲಿ "ಎವುರಮ್ಮಾ ಅದಿ?" ಎಂದು ಯಾರು ಬಂದದ್ದೆಂದು ಕೇಳಿದರು. "ಯಾರೋ ಸಾರು, ಕರೆಂಟ್ ಬಿಲ್ಲೋರು ಇರ್ಬೇಕು" ಎಂದರು ನಾರಾಯಣಮ್ಮ.

ನಾನು ಯಾರೆಂದು ಹೇಳಿದೆ. ಆಕೆ ಕೈಯಲ್ಲಿದ್ದ ಕಾಯಿಯನ್ನು ಮೊರದಲ್ಲಿ ಹಾಕಿ, ನನ್ನ ಮುಖ ನೋಡಿದರು.

"ಮೈಕ್ ಹಿಡ್ಕೊಂಡಿದ್ದೋರು ನೀವೇನಾ? ಅವಾಗ ಕೂದ್ಲಿತ್ತು."

"ಇತ್ತು."

"ಕೂತ್ಕೊಳ್ಳಿ. ನನಗೆ ಒಂದು ವಿಷ್ಯ ತಿಳಿಬೇಕಾಗಿತ್ತು. ನಾನು ಕೇಳಿದ್ದನ್ನ ನೀವು ಆ ದೊಡ್ಡೋರಿಗೆ ಇಂಗ್ಲೀಷಲ್ಲಿ ಏನೋ ಹೇಳಿದ್ರಿ. ಎಲ್ಲಾರೂ ನಕ್ಕುಬಿಟ್ರು. ಏನು ಹೇಳಿದ್ರಿ?"

ಆ ವಿಜ್ಞಾನಿಗೆ ಕನ್ನಡ ಬರುತ್ತಿರಲಿಲ್ಲ. ಪ್ರಶ್ನೆಗಳನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದವನು ನಾನು. ಆಕೆ ಕೇಳಿದ ಕೂಡಲೇ ಅದು ನನಗೆ ಹೊಳೆಯಿತು. ನೆನಪಾಯಿತು ಎನ್ನಲು ಹಿಂಜರಿಯುತ್ತೇನೆ. ಬೇರೆ ಯಾವ ರೀತಿಯಲ್ಲೂ ನಡೆದಿರಲು ಸಾಧ್ಯವಿಲ್ಲ ಎಂದು ತಿಳಿಯಿತು. ಹುಳುವಿನ ಮಾತು ಆ ಹೊತ್ತಿಗೆ ಹೊಂದುವುದಿಲ್ಲವೆಂದೋ, ಸಭೆಯನ್ನು ನಗಿಸಬೇಕೆಂದೋ ನಾನೇ ತಿರುಚಿದ್ದೆ.

"ಚಂದ್ರನ ಮೇಲೆ ಹುಳ ಸಾಕ್ತಾರಾ ಅಂತ ಈಯಮ್ಮ ಕೇಳ್ತಿದಾರೆ, ಅಂತ ಹೇಳ್ದೆ" ಎಂದೆ.

ನಾರಾಯಣಮ್ಮ ಬೈಯುತ್ತಾರೆಂದು ಕಾದೆ. "ಅದಕ್ಕೇನಾ ನಕ್ಕಿದ್ದು" ಎಂದರು. "ನಾನು ಸೀರೆ ಏನಾದ್ರೂ ತಿರುಗಾ ಮುರುಗಾ ಉಟ್ಕೊಂಡಿದೀನಾ ಅಂತ ಬಸ್ಸಲ್ಲೆಲ್ಲಾ ನೋಡ್ಕೊಂಡೆ."

"ಅವತ್ತು ನೀವು ಚಂದ್ರಿಕೆ ತಂದಿದ್ರಾ?"

"ಏನ್ ಸಾರ್ ನೀವು! ಅದನ್ನ ಬಸ್ಸಿಗೆ ಹತ್ಸಕ್ಕಾಗುತ್ತಾ? ಒಂದು ಪೊಟ್ಟಣದಲ್ಲಿ ನಾಲ್ಕು ಹುಳ ತಂದಿದ್ದೆ, ತೋರ್ಸಣ ಅಂತ. ಕೈಯಲ್ಲೇ ಇತ್ತು."

ಆಮೇಲೆ ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಚುಟುಕಾಗಿ ಬರೆಯುತ್ತೇನೆ. ಹಿಪ್ಪುನೇರಳೆ ತೋಟದ ಪಕ್ಕದ ದ್ರಾಕ್ಷಿ ತೋಟ ಆಕೆಯ ಮೈದುನ ಆಂಜಿನಪ್ಪನವರದು. ಅವರು ಹೊಡೆದ ಔಷಧಿ ಗಾಳಿಯಲ್ಲಿ ಸೊಪ್ಪಿಗೆ ತಾಗಿ ಹುಳು ಕೆಟ್ಟವೆಂದು ಆಕೆ, ನಿನ್ನ ಸಾಕಣೆ ಸರಿಯಿಲ್ಲ ಎಂದು ಅವರು. ಜಗಳ ಬಗೆಹರಿಯಲು ಇಬ್ಬರೂ ಒಪ್ಪುವ ಮೂರನೆಯವರ ಮಾತು ಬೇಕಿತ್ತು. ರೇಷ್ಮೆ ಇಲಾಖೆಯವರು ಆಕೆಯ ಅಣ್ಣನಿಗೆ ಪರಿಚಯವಾದ್ದರಿಂದ ಅವರ ಮಾತು ಆಂಜಿನಪ್ಪನವರಿಗೆ ಬೇಡ. ಆಗ ಸಿಕ್ಕಿದ್ದು ನನ್ನ ಹಾಳೆ. "ಅಲ್ಲಿ ಸೈಂಟಿಸ್ಟ್ ಹೇಳಿದ್ರೆ ಒಪ್ಕೊಂತೀನಿ" ಎಂದು ಆಂಜಿನಪ್ಪ ಎಲ್ಲರ ಮುಂದೆ ಹೇಳಿದ್ದರಂತೆ. ಮೂರು ಸಲ ಆಕೆ ಬರಿಗೈಯಲ್ಲಿ ವಾಪಸು ಬಂದ ಮೇಲೆ, ಅಂಥ ಉಪನ್ಯಾಸವೇ ಇರಲಿಲ್ಲ, ಎಲ್ಲ ಕಟ್ಟುಕಥೆ ಎಂದು ಊರಿನಲ್ಲಿ ಮಾತಾಯಿತು. ಮೂರನೆಯ ಬೆಳೆಯೂ ಹೋಯಿತು. ಹಿಪ್ಪುನೇರಳೆ ಕಿತ್ತು ಟೊಮೇಟೊ ಹಾಕಿದರು. ಓಣಿಯ ಈಚೆ ಆಚೆ ಇರುವ ಎರಡು ಮನೆಗಳ ನಡುವೆ ಅಂದಿನಿಂದ ಮಾತಿಲ್ಲ.

"ನಿಮ್ಮ ಪ್ರಶ್ನೆಗೆ ಉತ್ತರ ತರ್ತೀನಿ" ಎಂದೆ.

ಆಕೆ "ಔಷಧಿದಲ್ಲ ಅಂತ ಬಂದ್ರೆ?" ಎಂದರು. "ಇಷ್ಟು ವರ್ಷ ಬೈದಿದೀನಿ ಸಾರ್ ಅವ್ನ. ಅವನ ಮಗಳ ಮದ್ವೆಗೂ ಹೋಗ್ಲಿಲ್ಲ."

ನನಗೆ ಗೊತ್ತಿರುವ ರೇಷ್ಮೆ ವಿಜ್ಞಾನಿಯೊಬ್ಬರಿಗೆ ಮನೆಗೆ ವಾಪಸು ಬಂದು ಫೋನ್ ಮಾಡಿದೆ. ನಾರಾಯಣಮ್ಮ ಬರೆದದ್ದನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಔಷಧಿಯಿಂದ ಹಾಗಾಗಬಹುದು. ಚಂದ್ರಿಕೆ ಇಟ್ಟ ಜಾಗದಲ್ಲಿ ಸೆಕೆ ಹೆಚ್ಚಾಗಿ ಗಾಳಿಯಾಡದಿದ್ದರೂ ಗೂಡು ಕೆಡಬಹುದು. ಬೇರೆ ಕಾರಣವೂ ಇರಬಹುದು. "ಆಗ ಸೊಪ್ಪು, ಹುಳ ತಂದ್ಕೊಟ್ಟಿದ್ರೆ ಪರೀಕ್ಷೆ ಮಾಡಿಸ್ಬೋದಿತ್ತು. ಈಗ ಯಾರೂ ಹೇಳಕ್ಕಾಗಲ್ಲ ಸರ್" ಎಂದರು.

ಸಂಶಯ ಪಡುವುದೇ ವಿದ್ಯಾವಂತನ ಲಕ್ಷಣ ಎಂದು ತಿಳಿದು ಬದುಕಿದವನು ನಾನು. ನನ್ನಿಂದಾಗಿ ಉತ್ತರ ಸಿಗದೇ ಹೋದ ಸಂಶಯವೊಂದನ್ನು ಇಬ್ಬರು ಇಷ್ಟು ವರ್ಷ ಹೊತ್ತಿದ್ದರು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆಕೆಯ ನಂಬರೂ ಇತ್ತು. ಎರಡು ದಿನ ಆ ಫೋನನ್ನೇ ನೋಡುತ್ತ ಕೂತಿದ್ದು, ಮೂರನೆಯ ದಿನ ಬಸ್ಸು ಹತ್ತಿದೆ.

ಹೇಳಿದೆ. ನಾರಾಯಣಮ್ಮ ಕೇಳಿ, "ಅಂದ್ರೆ ಅವ್ನದೇ ಇರ್ಬೋದು, ಅಲ್ದೇನೂ ಇರ್ಬೋದು" ಎಂದರು.

"ಹೌದು."

"ನಂದೂ ಇರ್ಬೋದು."

"ಅದೂ ಗೊತ್ತಿಲ್ಲಮ್ಮ."

ಆಕೆ ಎದ್ದು ಸೆರಗು ಸರಿಮಾಡಿಕೊಂಡರು. "ಬನ್ನಿ. ಇದನ್ನೇ ಅಲ್ಲೂ ಹೇಳಿ. ನಾನು ಹೇಳಿದ್ರೆ ಕಥೆ ಕಟ್ತಾಳೆ ಅಂತಾನೆ."

ಓಣಿ ದಾಟಿದೆವು. ಆಂಜಿನಪ್ಪನವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತಿಗೆಯನ್ನು ನೋಡಿ ಎದ್ದು ನಿಂತರು. ನಾರಾಯಣಮ್ಮ ಮೆಟ್ಟಿಲ ಕೆಳಗೇ ನಿಂತರು. ನಾನು ಯಾರು, ಅಂದು ಸಭೆಯಲ್ಲಿ ಏನು ಮಾಡಿದೆ, ರೇಷ್ಮೆ ವಿಜ್ಞಾನಿ ಈಗ ಏನು ಹೇಳಿದರು, ಎಲ್ಲ ಹೇಳಿದೆ. ಇವರು ಮೂರು ಸಲ ಬಂದದ್ದು ನಿಜ, ಉಪನ್ಯಾಸ ಇಡುತ್ತೇವೆಂದು ನಾನೇ ಹೇಳಿದ್ದು ನಿಜ ಎಂದೂ ಹೇಳಿದೆ.

ಆಂಜಿನಪ್ಪ ನನ್ನ ಕಡೆ ತಿರುಗಿದರು.

"ಅವಾಗ್ಲೇ ಇದನ್ನ ವಿಚಾರಿಸಕ್ಕೆ ನಿಮಗೇನಾಗಿತ್ತು?"

"ಓದಿರಲಿಲ್ಲ" ಎಂದೆ.

"ಏನು ಓದಿರ್ಲಿಲ್ಲ?"

ಮೆಟ್ಟಿಲ ಕೆಳಗಿನಿಂದ ನಾರಾಯಣಮ್ಮ, ನನ್ನ ಕಡೆ ನೋಡದೆ, ಮೈದುನನಿಗೆ ಹೇಳಿದರು: "ನಾನು ಬರ್ದಿದ್ದು, ಆಂಜಿನಪ್ಪ."